ಗುಂಯ್ ಎನ್ನದ ಸೆಟ್ಟು

ಅಪ್ಪನ ಮೈಕ್ ಸೆಟ್ಟಿಗೆ ಕರೆಂಟು ಕೊಟ್ಟು ಸ್ವಲ್ಪ ಹೊತ್ತು ಬಿಟ್ಟರೆ, ಒಳಗಿನ ಗಾಜಿನ ವಾಲ್ವುಗಳು ಕಾದಂತೆಲ್ಲ ಹಾರನ್ನಿನಿಂದ ಗುಂಯ್ ಎಂಬ ಸದ್ದು ಶುರುವಾಗುತ್ತಿತ್ತು. ಮಧುಗಿರಿಯಲ್ಲಿ ಎಲ್ಲರಿಗೂ ಆ ಸದ್ದು ಗೊತ್ತು. ಅದು ಕೇಳಿದರೆ ಮೈಕಿಗೆ ಜೀವ ಬಂದಿದೆ ಎಂದು ಅರ್ಥ. ಮದುವೆಮನೆಯಲ್ಲಿ ಹೆಂಗಸರು ಮಾತು ತಗ್ಗಿಸುತ್ತಿದ್ದರು, ಗಂಡಸರು ಕೆಮ್ಮು ಬಂದರೆ ಟವೆಲ್ಲಿಗೆ ಬಾಯಿ ಒತ್ತಿಕೊಳ್ಳುತ್ತಿದ್ದರು. ಸದ್ದು ನಿಂತರೆ ಮೈಕು ಆರಿದೆ. ಆಮೇಲೆ ಅದರ ಪಕ್ಕದಲ್ಲೇ ಕೂತು ಯಾರ ಮನೆಯ ವಿಷಯವನ್ನಾದರೂ ಆಡಬಹುದು.

ಅಪ್ಪ ಆ ಸದ್ದನ್ನೇ ಮಾರುತ್ತಿದ್ದ ಎಂದರೂ ಸರಿ. ಸಿರಾ, ಕೊರಟಗೆರೆ, ಪಾವಗಡದ ತನಕ ಬಸ್ಸಿನ ಮೇಲೆ ಸೆಟ್ಟು ಹೇರಿಕೊಂಡು ಹೋಗುತ್ತಿದ್ದ. ಗಿರಾಕಿ ಬಂದರೆ ಅವನ ತಲೆಯನ್ನು ಹಿಡಿದು ಹಾರನ್ನಿಗೆ ತಾಗಿಸಿ, "ಕೇಳ್ದಾ? ಗುಂಯ್ ಅಂತೈತಾ? ಅಂಗಾರೆ ಪವರ್ ಐತೆ. ಮಾತಾಡಿದ್ರೆ ಬೆಟ್ಟಕ್ಕೆ ಹೊಡ್ದು ವಾಪಸ್ ಬರ್ಬೇಕು" ಎನ್ನುತ್ತಿದ್ದ. ನಿಜಕ್ಕೂ ಬರುತ್ತಿತ್ತು. ಏನು ಮಾತು ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಒಂದು ದಿನ ಕಪಾಟಿನ ಧೂಳು ಒರೆಸುವಾಗ ಒಂದು ವಾಲ್ವು ಕೈಜಾರಿ ಬಿದ್ದು ಒಡೆಯಿತು. ಅಪ್ಪ ನನ್ನ ಎಡಗೆನ್ನೆಗೆ ಹೊಡೆದ. ಏಟು ಕಿವಿಗೆ ಬಿತ್ತು. ಕೆಲವು ದಿನ ಕಿವಿಯಲ್ಲಿ ನೀರು ಸೋರಿತು. ನೀರು ನಿಂತ ಮೇಲೆ ಆ ಕಡೆಯಿಂದ ಏನೂ ಕೇಳಲಿಲ್ಲ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಣ್ಣ ಹೋಗಿ, "ಅಪ್ಪಾ, ಅವಳಿಗೆ ಎಡಗಿವಿ ಕೇಳ್ತಿಲ್ಲ" ಎಂದ. ಅಪ್ಪ ತಲೆ ಎತ್ತದೆ, "ಇನ್ನೊಂದೈತಲ್ಲ" ಎಂದ.

ಅಣ್ಣ ಈಗ ಇಲ್ಲ. ಅವನ ವಿಷಯ ಬರೆಯಬೇಕೆಂದು ಕೂತರೆ ಮೊದಲು ಅಪ್ಪನ ಮಾತುಗಳೇ ಬರುತ್ತವೆ. ಹಾರನ್ನಿನಲ್ಲೂ ಹಾಗೆಯೇ, ಹಾಡಿಗಿಂತ ಮುಂಚೆ ಆ ಗುಂಯ್.

ಅಣ್ಣ ಬೆಂಗಳೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದ. ಅಪ್ಪ ಕರೆಸಿಕೊಂಡದ್ದರಿಂದ ವಾಪಸ್ ಬಂದ. ಬಂದವನು ಹಿತ್ತಲ ಜಗಲಿಯಲ್ಲಿ ತನ್ನದೇ ಒಂದು ಸೆಟ್ಟು ಕಟ್ಟತೊಡಗಿದ. ಹಾಡುವವರು ಎದುರಿಗೆ ಕೂತು ಹಾಡಿದಂತೆ ಕೇಳಬೇಕು, ನಡುವೆ ಒಂದು ಯಂತ್ರ ಇದೆ ಎಂದು ಯಾರಿಗೂ ಗೊತ್ತಾಗಬಾರದು ಎಂಬುದು ಅವನ ಆಸೆ. ನನಗೆ ಮಿಡ್ಲ್‌ಸ್ಕೂಲಿನ ಓದು ಅಷ್ಟೆ. ಆದರೆ ಅವನು ಹೇಳಿಕೊಟ್ಟದ್ದು ಮರೆತಿಲ್ಲ.

ಅಪ್ಪನ ಸೆಟ್ಟು ಯಾಕೆ ಹಾಗೆ ಗುಂಯ್‌ಗುಡುತ್ತದೆ ಎಂದು ಕೇಳಿದ್ದೆ. ಕಂಬದಿಂದ ಬರುವ ಕರೆಂಟು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಬರುತ್ತದೆ, ವಾಲ್ವಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಸಮನಾಗಿ ಹರಿಯುವ ಕರೆಂಟು ಎಂದ. ಅದನ್ನು ಒಂದು ದಿಕ್ಕಿಗೆ ತಿರುಗಿಸಿದ ಮೇಲೂ ಅಲೆ ಉಳಿಯುತ್ತದೆ. ಬಿಂದಿಗೆ ಬಿಂದಿಗೆಯಾಗಿ ಸುರಿದ ನೀರು ತೊಟ್ಟಿಯಲ್ಲಿ ನಿಂತು ಕೊಳಾಯಿಯಲ್ಲಿ ಒಂದೇ ಸಮನೆ ಬರುವ ಹಾಗೆ, ಕಂಡೆನ್ಸರ್ ಆ ಅಲೆಯನ್ನು ತುಂಬಿಕೊಂಡು ಸಮ ಮಾಡಿ ಬಿಡಬೇಕು. "ಅಪ್ಪನ ಸೆಟ್ಟಲ್ಲಿ ತೊಟ್ಟಿ ಚಿಕ್ಕದು, ಅಷ್ಟೇಯ. ಬಿಂದಿಗೆ ಸುರಿಯೋ ಸದ್ದನ್ನ ಅಪ್ಪ ಪವರ್ ಅಂತವ್ನೆ."

ಕೊನೆಯಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ವಾಲ್ವುಗಳು ಜೋಡಿ. ಇಬ್ಬರು ಹೆಂಗಸರು ಎದುರುಬದುರು ಕೂತು ರಾಗಿಕಲ್ಲು ಬೀಸುವ ಹಾಗೆ, ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ. ಇಬ್ಬರ ಬಲವೂ ಒಂದೇ ಆಗಿದ್ದರೆ ಕಲ್ಲು ಕುಲುಕುವುದಿಲ್ಲ, ಎರಡೂ ವಾಲ್ವು ದನಿಗೆ ಬೆರೆಸುವ ಕೊಳೆ ಒಂದನ್ನೊಂದು ಹೊಡೆದುಹಾಕುತ್ತದೆ. ಅದಕ್ಕೆ ಅವನು ಒಂದೇ ಬಲದ ಜೋಡಿ ಸಿಗುವ ತನಕ ವಾಲ್ವುಗಳನ್ನು ಹಾಕಿ ತೆಗೆದು ಹಾಕಿ ತೆಗೆದು ನೋಡುತ್ತಿದ್ದ.

ಆ ಜೋಡಿಯ ಬಲವನ್ನು ಸ್ಪೀಕರಿಗೆ ದಾಟಿಸುವುದು ಟ್ರಾನ್ಸ್‌ಫಾರ್ಮರ್. ಅದನ್ನು ಸುತ್ತಿದವಳು ನಾನು. ಕಬ್ಬಿಣದ ತಗಡುಗಳು ಸಿರಾದ ಗುಜರಿ ಸಾಹೇಬರ ಅಂಗಡಿಯಲ್ಲಿ ಸಿಕ್ಕವು, ಯುದ್ಧಕಾಲದ ಯಾವುದೋ ಯಂತ್ರದ್ದು. ಸೈಕಲ್ಲಿನ ಪೆಡಲಿನಿಂದ ಅಣ್ಣ ಒಂದು ರಾಟೆ ಮಾಡಿಕೊಟ್ಟ. ತೆಳು ತಂತಿಯ ಕೆಲವು ಪದರ, ಮೇಲೆ ಕಾಗದ, ಅದರ ಮೇಲೆ ದಪ್ಪ ತಂತಿಯ ಪದರ, ಮತ್ತೆ ಕಾಗದ, ಮತ್ತೆ ತೆಳು ತಂತಿ. ಎಡದ ಅರ್ಧ, ಬಲದ ಅರ್ಧ ಒಂದೇ ಸಮ ಇರಬೇಕು. ತೆಳುವನ್ನೆಲ್ಲ ಒಂದು ಕಡೆ, ದಪ್ಪವನ್ನೆಲ್ಲ ಇನ್ನೊಂದು ಕಡೆ ಸುತ್ತಿದರೆ ಬೇಗ ಮುಗಿಯುತ್ತದಲ್ಲ ಎಂದೆ.

"ಬೇಗ ಮುಗೀತೈತೆ. ಆದ್ರೆ ಸ, ಶ, ಉಸ್ರು ಎಲ್ಲಾ ದಾರೀಲೇ ಕಳ್ದೋಗ್ತವೆ ಕಣಮ್ಮ. ಅಪ್ಪನ ಸೆಟ್ಟಲ್ಲಿ 'ಸೀತೆ' ಅಂದ್ರೆ 'ಹೀತೆ' ಅಂತ ಬರಲ್ವ?"

ಕೊನೆಗೆ, ಸ್ಪೀಕರಿಗೆ ಹೋಗುವ ದನಿಯಲ್ಲಿ ಒಂದು ಚೂರನ್ನು ತಿರುಗಿಸಿ ಸೆಟ್ಟಿನ ಬಾಯಿಗೇ ವಾಪಸ್ ಕೊಟ್ಟ. ಹಾಡುವವರು ಕಿವಿಯ ಹಿಂದೆ ಕೈ ಇಟ್ಟುಕೊಂಡು ತಮ್ಮ ದನಿಯನ್ನು ತಾವೇ ತಿದ್ದಿಕೊಳ್ಳುವ ಹಾಗೆ, ಸೆಟ್ಟು ತಾನು ಏನು ಕೆಡಿಸಿದೆ ಎಂದು ಕೇಳಿಕೊಂಡು ತಿದ್ದಿಕೊಳ್ಳುತ್ತದಂತೆ. ಮೊದಲ ಸಲ ಆ ಎರಡು ತಂತಿ ಅದಲುಬದಲಾಗಿ ಸೆಟ್ಟು ಕಿರುಚಿಕೊಂಡಿತು. ಅಪ್ಪ ಬಾಗಿಲಿಗೆ ಬಂದು, "ಏನ್ಲಾ, ನಿನ್ ಸೆಟ್ಟಿಗೆ ಹೆರಿಗೆ ನೋವು ಬಂತಾ? ಸೂಲಗಿತ್ತೀನ ಕರೀಲಾ?" ಎಂದು ನಕ್ಕ. ತಂತಿ ಬದಲಿಸಿದ ಮೇಲೆ ಕಿರುಚಾಟ ನಿಂತಿತು.

ಉಳಿದಿದ್ದ ಚೂರು ಗುಂಯ್‌ಕಾರವನ್ನು ಹುಡುಕಲು ಅವನಿಗೆ ನನ್ನ ಬಲಗಿವಿ ಬೇಕಿತ್ತು. ಒಂದೇ ಕಿವಿ ಇರುವವರು ಗಮನ ಕೊಟ್ಟು ಕೇಳುತ್ತಾರೆ ಎನ್ನುತ್ತಿದ್ದ. ನಾನು ಮರದ ಪೆಟ್ಟಿಗೆಯಲ್ಲಿದ್ದ ಸ್ಪೀಕರಿಗೆ ಕಿವಿ ಒತ್ತಿ ಕೂರುತ್ತಿದ್ದೆ. ಅವನು ಎಡಗೈಯನ್ನು ಬೆನ್ನ ಹಿಂದೆ ಪಂಚೆಗೆ ಸಿಕ್ಕಿಸಿಕೊಂಡು ಬಲಗೈಯಿಂದ ಮಾತ್ರ ಸೆಟ್ಟನ್ನು ಮುಟ್ಟುತ್ತಿದ್ದ. ಎರಡೂ ಕೈ ಹಾಕಿದರೆ ಕರೆಂಟು ಎದೆಯೊಳಗೆ ಹಾದುಹೋಗುತ್ತದೆ.

"ಈಗ?"

"ಐತೆ."

ಟ್ರಾನ್ಸ್‌ಫಾರ್ಮರನ್ನು ಸ್ವಲ್ಪ ತಿರುಗಿಸುತ್ತಿದ್ದ. "ಈಗ?"

"ಕಮ್ಮಿ ಆಯ್ತು."

ನೆಲಕ್ಕೆ ಹೋಗುವ ಅರ್ತ್ ತಂತಿಗಳನ್ನೆಲ್ಲ ಬಿಚ್ಚಿ ಒಂದೇ ಬೋಲ್ಟಿಗೆ ಕಟ್ಟಿದ. "ಈಗ?"

"ಇಲ್ಲ."

"ನನ್ ಖುಷಿಗೆ ಹೇಳ್ಬ್ಯಾಡ."

"ಇಲ್ಲ ಕಣಣ್ಣ. ಏನೂ ಇಲ್ಲ."

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಅಪ್ಪ ಬಂದು ಸ್ಪೀಕರಿಗೆ ಕಿವಿ ಕೊಟ್ಟ. "ಸತ್ತೈತೆ" ಎಂದ. ಅಣ್ಣ ಮೈಕಿನಲ್ಲಿ ಮಾತಾಡಿ ತೋರಿಸಿದ. ಅಪ್ಪ ಮುಖ ಸಿಂಡರಿಸಿ, "ಇದೇನ್ಲಾ, ಮನುಷ್ಯ ಮಾತಾಡ್ದಂಗೈತೆ. ಇದ್ಕೆ ಬಾಡಿಗೆ ಯಾವನು ಕೊಡ್ತಾನೆ?" ಎಂದ.

ಆ ವರ್ಷವೇ ನನಗೆ ಗಂಡು ಗೊತ್ತಾಯಿತು. ಪಾವಗಡದ ಕಡೆಯವರು, ಹುಡುಗ ಮೇಷ್ಟ್ರು. ನೋಡಲು ಬಂದ ದಿನ ಅಪ್ಪ ನನ್ನನ್ನು ಗೋಡೆಗೆ ಎಡಗಿವಿ ಇರುವಂತೆ ಕೂರಿಸಿದ. ಅವರು ಕೇಳಿದ್ದಕ್ಕೆಲ್ಲ ನಾನು ಸರಿಯಾಗಿ ಉತ್ತರ ಕೊಟ್ಟೆ. ಅವರು ಹೋದ ಮೇಲೆ ಅಣ್ಣ, ಕಿವಿಯ ವಿಷಯ ಹೇಳಿಬಿಡೋಣ ಎಂದ. ಅಪ್ಪ ಕೈ ಎತ್ತಿದ. ಆಮೇಲೆ ಹಿತ್ತಲಲ್ಲಿ ಅಣ್ಣ ನನಗೆ, "ಮೇಷ್ಟ್ರು ಒಳ್ಳೆಯವ್ರ ಥರ ಅವ್ರೆ. ಆಮೇಲೆ ನೀನೇ ಅವ್ರಿಗೆ ಹೇಳ್ಕೋ. ಮೊದ್ಲು ಈ ಮನೆಯಿಂದ ಆಚೆ ಹೋಗು. ಅಷ್ಟಾದ್ರೆ ನಂಗೆ ಸಾಕು ಕಣಮ್ಮ" ಎಂದ. ನನಗೂ ಅಷ್ಟೇ ಬೇಕಿತ್ತು. ಆ ಗಂಡಿನ ಮುಖ ನಾನು ಸರಿಯಾಗಿ ನೋಡಿರಲಿಲ್ಲ. ಅವನ ಮನೆಯಲ್ಲಿ ಅಪ್ಪ ಇರುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಮದುವೆಯ ದಿನ ಅಪ್ಪನ ಸೆಟ್ಟಿಗೆ ಸಿರಾದಲ್ಲಿ ಬಾಡಿಗೆ ಬಂದಿತ್ತು. ಬಂದ ಬಾಡಿಗೆಯನ್ನು ಮಗಳ ಮದುವೆಗೆಂದು ಬಿಡುವವನಲ್ಲ ಅವನು. ಹಾಗಾಗಿ ಛತ್ರಕ್ಕೆ ಅಣ್ಣನ ಸೆಟ್ಟು ಬಂತು. ಮೈಕು ಸ್ಪೀಕರಿನ ದನಿಯನ್ನೇ ಮತ್ತೆ ಕೇಳಿಸಿಕೊಂಡು ಕೂಗದ ಹಾಗೆ ಅಣ್ಣ ಮರದ ಪೆಟ್ಟಿಗೆಗಳನ್ನು ದೂರದಲ್ಲಿ, ಛತ್ರದ ಬಾಗಿಲಿನ ಆಚೆಗೊಂದು ಈಚೆಗೊಂದು ಇಟ್ಟ. ಮೈಕು ಮಂಟಪದ ಪಕ್ಕದಲ್ಲಿತ್ತು, ಸೆಟ್ಟು ಅದರ ಹಿಂದಿನ ಮೇಜಿನ ಮೇಲೆ. ಮೇಜಿಗೆ ತಾಗಿದಂತೆ ಒಂದು ಬೆಂಚು. ನಾಗಸ್ವರದ ಗ್ರಾಮಫೋನ್ ಪ್ಲೇಟು ಹಾಕಿದಾಗ ಬೀದಿಯವರು ಊದುವವರು ಎಲ್ಲಿ ಕೂತಿದ್ದಾರೆ ಎಂದು ಹುಡುಕಿಕೊಂಡು ಬಂದರು. ಅಣ್ಣನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಪ್ಲೇಟು ಮುಗಿಯಿತು. ಪುರೋಹಿತರ ಮಂತ್ರಕ್ಕೆಂದು ಅಣ್ಣ ಮೈಕನ್ನು ಚಾಲೂ ಮಾಡಿಟ್ಟು, ಬಾಗಿಲ ಬಳಿಯ ಪೆಟ್ಟಿಗೆ ನೋಡಲು ಹೋದ. ಪುರೋಹಿತರು ಇನ್ನೂ ಬಂದಿರಲಿಲ್ಲ. ನಾನು ಮಣೆಯ ಮೇಲೆ ಕೂತಿದ್ದೆ. ಅಪ್ಪನೂ ನಮ್ಮ ಸೋದರಮಾವನೂ ಬಂದು ಬೆಂಚಿನ ಮೇಲೆ ಕೂತರು. ಹಾಡು ನಿಂತಿದೆ, ಗುಂಯ್ ಎನ್ನುವುದೂ ಇಲ್ಲ. ಆಯುಷ್ಯವೆಲ್ಲ ಮೈಕಿನ ಜೊತೆ ಕಳೆದ ಅಪ್ಪ, ಮೈಕು ಆರಿದೆ ಎಂದುಕೊಂಡ.

ಮಾವನ ಮಾತು ಮೊದಲು ಬಂತು. ಬಾಗಿಲ ಕಡೆಯ ಪೆಟ್ಟಿಗೆಗಳಿಂದ ಬಂತು.

"ಭಾವ, ಹೆಣ್ಣು ಗಂಡಿನ ಬಲಕ್ಕೆ ಕೂರ್ಬೇಕಲ್ಲ. ಅವಳ ಎಡಗಿವಿ ಅವನ ಕಡೆಗೆ ಆಯ್ತದೆ. ಏನಾರ ಪಿಸುಮಾತು ಆಡಿದ್ರೆ?"

"ನಾಚ್ಕೊಂಡೌಳೆ ಅನ್ಕೋತಾನೆ ಬುಡು. ತಾಳಿ ಬೀಳೋಗಂಟ ಗೊತ್ತಾಗ್ಬಾರ್ದು. ಆಮೇಲೆ ಅವ್ರ ಹಣೇಬರ."

"ನೀನೇ ಹೊಡ್ದು ಕಿವುಡಿ ಮಾಡ್ದೆ ಅಂತ ಅವಳು ಹೇಳ್ಕೊಂಡ್ರೆ?"

"ಒಂದ್ಕೇ ಹೊಡ್ದು ಬುಟ್ಟಿದ್ದು ತಪ್ಪಾಯ್ತು. ಒಡ್ಕಲು ಮಡಕೆ ಕಣೋ. ಬಿರುಕು ಗೋಡೆ ಕಡೆ ಮಾಡಿಟ್ಟು ಮಾರ್ಬುಟ್ಟೆ."

ಅಪ್ಪ ಎಲೆಅಡಿಕೆಯ ರಸ ನುಂಗಿದ್ದು ಕೂಡ ಬೀದಿಗೆ ಕೇಳಿಸಿತು. ಅಪ್ಪನ ಮಾತಿನಲ್ಲಿ ಒಂದು ಅಕ್ಷರವೂ ದಾರಿಯಲ್ಲಿ ಕಳೆದುಹೋಗಲಿಲ್ಲ. ಪದರ ಪದರ ಸುತ್ತಿದವಳು ನಾನೇ.

ಎಲ್ಲರ ತಲೆಯೂ ಮಂಟಪದ ಕಡೆ ತಿರುಗಿತು. ಆಮೇಲೆ ಅಡಿಗೆಮನೆಯ ಕಡೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬ, "ಯಜಮಾನ್ರೇ, ಮೈಕು ಐತೆ!" ಎಂದು ಕೂಗಿದ. ಅಪ್ಪ ಎದ್ದು ಸೆಟ್ಟಿನ ಒಂದು ಗುಂಡಿಯನ್ನು ತಿರುಚಿದ. ಅದು ದನಿಯ ದಪ್ಪ ತೆಳು ಬದಲಿಸುವ ಗುಂಡಿ. ಗುಂಯ್ ಎನ್ನುವುದು ಮೊದಲೂ ಇರಲಿಲ್ಲ, ಆಗಲೂ ಇರಲಿಲ್ಲ. "ಆರಿಸಿದೀನಿ" ಎಂದ. ಅಷ್ಟರಲ್ಲಿ ಎದ್ದಿದ್ದ ಗದ್ದಲದಲ್ಲಿ ಎಲ್ಲರೂ ನಂಬಿದರು.

ಗಂಡಿನ ಸೋದರತ್ತೆ ಮಂಟಪಕ್ಕೆ ಬಂದಳು. ಎತ್ತರದ ಹೆಂಗಸು, ಹೊಗೆಸೊಪ್ಪಿನ ವಾಸನೆ, ಪಾವಗಡದ ತೆಲುಗು ಬೆರೆತ ಮಾತು. "ಲೇಮ್ಮಾ, ಎದ್ದು ನಿಂತ್ಕೋ. ಎಲ್ರೂ ನೋಡ್ಲಿ" ಎಂದಳು. ನಿಂತೆ. "ನಾನು ಇವಳ ಎಡಗಿವೀಲಿ ಒಂದು ಮಾತು ಹೇಳ್ತೀನಿ. ಅದನ್ನ ಅವಳು ತಿರುಗಿ ಹೇಳಿದ್ರೆ ಹುಡುಗಿ ನಮ್ದು. ಇಲ್ದಿದ್ರೆ ಎಲೆ ಎತ್ರಿ, ಹೋಗಾಣ."

ಅಣ್ಣ ಬಾಗಿಲ ಕಡೆಯಿಂದ ಓಡಿ ಬಂದು ಸೆಟ್ಟಿನ ಬಳಿ ನಿಂತದ್ದು ಕಂಡಿತು. ಆರಿಸಬೇಕೆಂದೇ ಬಂದನಂತೆ. ಅತ್ತೆಯ ಬಾಯಿ ನನ್ನ ಎಡಗಿವಿಗೂ ಮೈಕಿಗೂ ನಡುವೆ ಇರುವುದನ್ನು ನೋಡಿ, ಅವನ ಕೈ ದನಿ ಏರಿಸುವ ಗುಂಡಿಗೆ ಹೋಯಿತು. ನನಗೆ ಕೇಳಿಸಲಿ ಎಂದು.

ಅತ್ತೆಯ ಉಸಿರು ನನ್ನ ಎಡಗೆನ್ನೆಗೆ ತಾಗಿತು. ಆ ಕಿವಿಯಲ್ಲಿ ಏನೂ ಇಲ್ಲ. ದೂರದ ಪೆಟ್ಟಿಗೆಯಿಂದ, ಬಲಗಿವಿಗೆ, ಪಿಸುಮಾತು ಪಿಸುಮಾತಾಗಿಯೇ ಬಂದು ಮುಟ್ಟಿತು.

"ಏಮ್ಮಾ, ನಾನೇನಂದೆ? ಚೆಪ್ಪು, ಹೇಳು."

ನಾನು ಹೇಳಿದೆ. "ಸಂತೇಲಿ ಮಾರೋಕೆ ತಂದ ಕುಂಟೆಮ್ಮೆ ನಾನು, ಅಂದ್ರಿ."

ನನ್ನ ಬಾಯಿಂದ ಹೊರಟ ಅದೇ ಮಾತು ನನ್ನದೇ ದನಿಯಲ್ಲಿ ಬೀದಿಯ ತುಂಬ ಕೇಳಿಸಿತು. ಇಡೀ ಛತ್ರ ನಗತೊಡಗಿತು. ಪಿಸುಮಾತನ್ನೂ ಉತ್ತರವನ್ನೂ ಎಲ್ಲರೂ ಕೇಳಿದ್ದರು. "ಪೆಟ್ಟಿಗೆ ಹೇಳ್ಕೊಟ್ತು ಕಣ್ರೋ!" ಎಂದು ಗಂಡಿನ ಕಡೆಯವನೊಬ್ಬ ತೊಡೆ ತಟ್ಟಿದ. "ಮೇಷ್ಟ್ರೇ, ಮನೇಲೂ ಒಂದು ಮೈಕ್ ಇಟ್ಕೊಬೇಕಾಯ್ತದೆ ನೋಡ್ರಿ!" ತಲೆ ಬಗ್ಗಿಸಿ ಕೂತಿದ್ದ ಮೇಷ್ಟ್ರು, ಅವನೂ ನಕ್ಕ. ಅವನು ನಕ್ಕದ್ದನ್ನು ಅಣ್ಣ ನೋಡಿದ.

ಆದರೂ ಗಂಡಿನವರು ಎಲೆ ಎತ್ತಿ ಹೋಗಲಿಲ್ಲ. ಮಾವನಿಗೆ ನನಗಿಂತ ಸ್ವಲ್ಪ ದೊಡ್ಡ ಮಗಳಿದ್ದಳು. ಅವಳನ್ನೇ ಮೇಷ್ಟ್ರಿಗೆ ಕೊಡುವುದೆಂದು ಅಪ್ಪನೇ ಮುಂದೆ ನಿಂತು ಮಾತು ಮುಗಿಸಿದ. ಬೇಯಿಸಿದ ಅನ್ನ ಹಾಳಾಗಬಾರದಲ್ಲ. ಒಳಕೋಣೆಯಲ್ಲಿ ಮಾವನ ಹೆಂಡತಿ, ಮಗಳಿಗೆ ಉಡಿಸಲೆಂದು, ನನ್ನ ಧಾರೆ ಸೀರೆಯ ಸೆರಗಿಗೆ ಕೈ ಹಾಕಿ, "ಬೇಗ ಬಿಚ್ಚು ಕಣಮ್ಮ, ಮುಹೂರ್ತ ಮೀರ್ತೈತೆ" ಎಂದಳು. ಬೇರೆ ಸೀರೆ ತರಲು ಯಾರಿಗೂ ನೆನಪಾಗಲಿಲ್ಲ. ಕುಪ್ಪಸ, ಲಂಗದಲ್ಲಿ ಅಕ್ಕಿಮೂಟೆಗಳ ನಡುವೆ ಕೂತಿದ್ದೆ. ಹೊರಗೆ ಅಪ್ಪ ಅಣ್ಣನಿಗೆ, "ಮೈಕ್ ನಿಲ್ಲಿಸಿದ್ರೆ ಕೈ ಮುರೀತೀನಿ" ಎನ್ನುವುದು ಕೇಳಿಸಿತು. ಅಣ್ಣ ನಿಲ್ಲಿಸಲಿಲ್ಲ. ಮಾಂಗಲ್ಯದ ಮಂತ್ರ ಅಕ್ಷರ ಅಕ್ಷರವಾಗಿ ಕೋಣೆಯೊಳಕ್ಕೆ ಬಂತು. ಪುರೋಹಿತರು ಎಲ್ಲಿ ಉಸಿರೆಳೆದುಕೊಂಡರು ಎಂಬುದೂ ತಿಳಿಯುತ್ತಿತ್ತು.

ಮಾರನೆಯ ದಿನ ಅಪ್ಪ ಸೆಟ್ಟನ್ನು ಅಂಗಡಿಯ ಮುಂದೆ, ಬೀದಿಯಲ್ಲಿ ಇಡಿಸಿದ. ಅಕ್ಕಪಕ್ಕದವರು ನೆರೆದರು.

"ಗುಂಯ್ ಅನ್ನಿಸ್ಲಾ."

"ಅಪ್ಪಾ, ಅದು ಕೆಡಿಸ್ದಂಗೆ."

"ಕೆಡಿಸು. ಜೀವ ಐತೋ ಇಲ್ವೋ ಜನಕ್ಕೆ ಗೊತ್ತಾಗ್ಬೇಕು. ನಿನ್ ಪದಾರ್ಥ ಕಳ್ಳನಂಗೆ ಕೂತ್ಕೊಂಡು ಕೇಳಿಸ್ಕೊತೈತೆ."

ಅಣ್ಣ ಎಡಗೈಯನ್ನು ಬೆನ್ನಿಗೆ ಸಿಕ್ಕಿಸಿಕೊಂಡ. ಆರಿಸಿದ ಮೇಲೂ ಕಂಡೆನ್ಸರ್ ಕರೆಂಟನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಮೊದಲು ಇಳಿಸಿ, ಆಮೇಲೆ ಅದರ ಒಂದು ತಂತಿಕಾಲನ್ನು ಕತ್ತರಿಸಿದ. ಮತ್ತೆ ಕರೆಂಟು ಕೊಟ್ಟ. ಸೆಟ್ಟು ಕಾದು ಗುಂಯ್ ಎಂದಿತು. ಅಪ್ಪ ಸುತ್ತಲೂ ನೋಡಿ, "ಈಗ ಬದುಕ್ತು" ಎಂದ. ಜನ ನಕ್ಕರು.

ಆಮೇಲೆ ಆ ಸೆಟ್ಟು ಚೆನ್ನಾಗಿ ದುಡಿಯಿತು. ಅಣ್ಣ ಇನ್ನೊಂದನ್ನು ಕಟ್ಟಲಿಲ್ಲ. ಒಂದು ಬೆಸುಗೆಯ ಕೆಲಸ, ಸರಿಮಾಡಬಾರದೇ ಎಂದು ಕೇಳಿದ್ದೆ. "ಇರ್ಲಿ ಬುಡಮ್ಮ. ಗುಂಯ್ ಅಂತಿದ್ರೆ ಜನ ಬಾಯಿ ಹಿಡ್ಕೊಂಡಿರ್ತಾರೆ" ಎಂದ. ಇನ್ನೊಂದು ದಿನ ತಾನಾಗಿಯೇ, "ಆರಿಸೋಕೇ ಬಂದಿದ್ದೆ ಕಣೆ. ಕೈ ಏರಿಸ್ಬುಡ್ತು" ಎಂದ. ನಾನು ಅವನ ಎಡಗಡೆಗೆ ಕೂತಿದ್ದೆ, ಚೆನ್ನಾಗಿ ಕೇಳಿಸಿತು.

ಎಷ್ಟೋ ವರ್ಷಗಳ ಮೇಲೆ ಕಾಮಾಲೆಯಾಗಿ ಅಣ್ಣ ಹೋದ. ಮದುವೆಯಾಗಿರಲಿಲ್ಲ. ಹಾರನ್ನುಗಳ ಪಕ್ಕದಲ್ಲೇ ಬದುಕಿದ ಅಪ್ಪನಿಗೆ ಅಷ್ಟರಲ್ಲಿ ಕಿವಿ ಮಂದವಾಗಿತ್ತು. ಆದರೂ ಗುಂಯ್ ಎನ್ನುವುದನ್ನು ಅವನು ಹಾರನ್ನಿಗೆ ಅಂಗೈ ಇಟ್ಟು ಕಂಡುಹಿಡಿಯುತ್ತಿದ್ದ.

ತಿಥಿಯ ಹಿಂದಿನ ಮಧ್ಯಾಹ್ನ ನಾನು ಸೆಟ್ಟಿನ ತಳ ಬಿಚ್ಚಿದೆ. ಕತ್ತರಿಸಿದ ಕಾಲು ಹಾಗೆಯೇ ಇತ್ತು. ಒಂದು ತುಂಡು ತಂತಿ ಸೇರಿಸಿ ಬೆಸೆದೆ. ಎಡಗೈಯನ್ನು ಬೆನ್ನಿಗೆ, ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕರೆಂಟು ಕೊಟ್ಟು ಸ್ಪೀಕರಿಗೆ ಬಲಗಿವಿ ಇಟ್ಟೆ. ಏನೂ ಇರಲಿಲ್ಲ. "ಇಲ್ಲ" ಎಂದು ಗಟ್ಟಿಯಾಗಿ ಹೇಳಿದೆ. ಕೇಳುವವರಾರೂ ಇರಲಿಲ್ಲ.

ತಿಥಿಯ ದಿನ ಅಂಗಳದಲ್ಲಿ ಭಜನೆಗೆಂದು ಅದನ್ನೇ ಇಟ್ಟು ಕರೆಂಟು ಕೊಟ್ಟರು. ಭಜನೆಯವರು ಬರುವ ಮುಂಚೆ ಅಪ್ಪ ಮಾವನ ಜೊತೆ ಬಂದು ಪೆಟ್ಟಿಗೆಗೆ ಅಂಗೈ ಇಟ್ಟ. ಮೈಕು ಅವನ ಮೊಣಕಾಲಿನ ಹತ್ತಿರ ಇತ್ತು.

"ಅದುರ್ತಾ ಇಲ್ಲ. ಸತ್ತೋಗೈತೆ" ಎಂದ. ಮಾತು ಬೀದಿಯ ಕೊನೆಯ ತನಕ ಹೋಯಿತು, ಹಲ್ಲಿಲ್ಲದ ಬಾಯಿಯ ಗಾಳಿಯ ಸಮೇತ. "ಅವ್ನು ಇದ್ದಾಗ್ಲೂ ದಂಡ, ಇದೂ ದಂಡ. ಸಿರಾ ಸಾಹೇಬ್ರಿಗೆ ತೂಕಕ್ಕೆ ಹಾಕ್ಬುಡಾಣ."

ಈ ಸಲ ಯಾರೂ ನಗಲಿಲ್ಲ. ಮಾವನ ಮುಖ ಕಪ್ಪಿಟ್ಟಿತು. ಅಪ್ಪನ ತೋಳು ಹಿಡಿದೆಳೆದು ಮೈಕು ತೋರಿಸಿದ. ಅಪ್ಪನಿಗೆ ಅರ್ಥವಾಗಲಿಲ್ಲ. "ಏನ್ಲಾ? ಸತ್ತೈತೆ ಅಂದ್ನಲ್ಲ!" ಎಂದು ಇನ್ನೂ ಗಟ್ಟಿಯಾಗಿ ಹೇಳಿದ. ನೆಂಟರು ನನ್ನನ್ನು ನೋಡಿದರು. ಸ್ವಿಚ್ಚು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅಪ್ಪ ಮಾತು ಮುಗಿಸುವ ತನಕ ನಾನು ಅದನ್ನು ಮುಟ್ಟಲಿಲ್ಲ.

ಸಾಹೇಬರು ಬಂದು, "ಚಾಲೂ ಇದೆಯಾ ಬೇಟಿ?" ಎಂದು ಕೇಳಿದರು. ನನಗಿಂತ ಮೊದಲು ಅಪ್ಪ ಇಲ್ಲವೆಂದು ಕೈ ಆಡಿಸಿದ. ಅವರು ಜಗಲಿಯ ಮೇಲೇ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ತಾಮ್ರ ಒಂದು ಕಡೆ, ಕಬ್ಬಿಣ ಒಂದು ಕಡೆ ಮಾಡಿಕೊಂಡರು. ಪದರಗಳ ನಡುವಿನ ಕಾಗದ ಅಂಗಳದಲ್ಲೇ ಉಳಿಯಿತು. ಮಾರನೆಯ ದಿನ ಅದನ್ನು ಒಲೆಗೆ ಹಾಕಿದೆ.

ನಾನು ಈಗಲೂ ಅಪ್ಪನ ಮನೆಯಲ್ಲೇ ಇದ್ದೇನೆ. ಅವನಿಗೆ ಎರಡೂ ಕಿವಿ ಹೋಗಿವೆ. ಊಟಕ್ಕೆ ಕರೆಯಬೇಕಾದರೆ ಭುಜ ಮುಟ್ಟಬೇಕು. ನಾನು ಮುಟ್ಟುವುದಿಲ್ಲ. ತಟ್ಟೆಯನ್ನು ನೆಲಕ್ಕೆ ಕುಕ್ಕುತ್ತೇನೆ. ಅದುರಿದ್ದು ಅವನಿಗೆ ಗೊತ್ತಾಗುತ್ತದೆ, ಎದ್ದು ಬರುತ್ತಾನೆ.